ಸುಬೇದಾರರಿಗೊಂದು ಟಿಕೆಟ್ಟು

ಸೈನ್ಯದಲ್ಲಿದ್ದವರು ರಾಜಕೀಯಕ್ಕೆ ಬಂದರೆ ದೇಶ ಸರಿಹೋಗುತ್ತದೆ ಎಂದು ನಾನೂ ನಂಬಿದ್ದೆ, ನಮ್ಮಪ್ಪ ಬರುತ್ತೇನೆ ಎನ್ನುವವರೆಗೆ. ನಿವೃತ್ತ ಸುಬೇದಾರರಾದ ಅವರು ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವುದಾಗಿ ಘೋಷಿಸಿದ ಮರುದಿನವೇ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಹೋಗಿ, ತರಕಾರಿ ಗಾಡಿಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದರು. "ಯಾವ ಯುದ್ಧಕ್ಕೆ ಸಾರ್ ನಾವು ಹೊರಟಿರೋದು?" ಎಂದು ಸೊಪ್ಪಿನ ಗಾಡಿಯಾಕೆ ಕೇಳಿದಳಂತೆ. ಅಲ್ಲಿಂದಾಚೆ ನಾನು ಸೊಪ್ಪು ತರಲು ಇಂದಿರಾನಗರಕ್ಕೆ ಹೋಗುತ್ತಿದ್ದೇನೆ.

ಟಿಕೆಟ್ ಕೊಡಿಸಬೇಕಾಗಿದ್ದ ಪಕ್ಷದ ಬಾಬಣ್ಣ ಭಾನುವಾರ ಮನೆಗೇ ಬಂದರು. ಅವರು ಒಪ್ಪಿದರೆ ಅಪ್ಪನ ಹೆಸರು ಮೇಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಅಪ್ಪ ಬೆಳಿಗ್ಗೆಯಿಂದ ಮೀಸೆ ತಿದ್ದಿಕೊಳ್ಳುತ್ತಲೇ ಇದ್ದರು. ನನ್ನ ಹೆದರಿಕೆ ಬೇರೆ. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವರ ಸೇವೆಯೆಲ್ಲ ಕಳೆದದ್ದು ಉಗ್ರಾಣದಲ್ಲಿ, ಬೂಟು, ಕಂಬಳಿ ಹಂಚುತ್ತ.

ಬಾಬಣ್ಣ ಕಾಫಿ ಲೋಟ ಕೆಳಗಿಟ್ಟರು. "ಕಟೌಟಲ್ಲಿ ಹಿಂದ್ಗಡೆ ಹಿಮ, ಮುಂದ್ಗಡೆ ನೀವು. ಮೈಮೇಲೆ ಗುಂಡೇಟಿನ ಗುರುತು ಏನಾದ್ರೂ ಇದ್ಯಾ ಸಾರ್?"

"ಅಪೆಂಡಿಕ್ಸ್ ಆಪರೇಷನ್ದು ಇದೆ."

ಅಡುಗೆಮನೆಯಲ್ಲಿ ಅಮ್ಮನ ಸೌಟಿನ ಸದ್ದು ನಿಂತಿತು.

"ಹೋಗ್ಲಿ, ಯುದ್ಧ ಗಿದ್ಧ?"

ಅಪ್ಪ ಬಾಯಿ ತೆರೆದರು. ಬೂಟು ಎಂಬ ಮಾತು ಅವರ ತುಟಿಗೆ ಬಂದು ಕೂತದ್ದು ನನಗೆ ಕಾಣಿಸಿತು. ನಾನು ಮನೆಗೆ ಬಂದವರೆದುರು ಮಾತಾಡುವವಳಲ್ಲ, ಎಂ.ಎ. ಓದುವಾಗ ಸೆಮಿನಾರ್ ಎಂದರೆ ಜ್ವರ ಬರಿಸಿಕೊಳ್ಳುತ್ತಿದ್ದೆ. ಅಂಥವಳು ಹೇಳಿಬಿಟ್ಟೆ: "ಅಪ್ಪನ ಸಹಿ ಇಲ್ದೆ ಅವರ ಯೂನಿಟ್ಟಿಂದ ಒಬ್ಬ ಸೈನಿಕನೂ ಗಡಿಗೆ ಹೊರಡ್ತಿರ್ಲಿಲ್ಲ."

ಮಾತು ನಿಜವೇ. ಬೂಟಿಲ್ಲದೆ ಹಿಮಕ್ಕೆ ಯಾರು ಹೋಗುತ್ತಾರೆ? ಸಹಿಯಿಲ್ಲದೆ ಬೂಟು ಯಾರು ಕೊಡುತ್ತಾರೆ?

ಬಾಬಣ್ಣ ಕುರ್ಚಿಯ ಅಂಚಿಗೆ ಬಂದರು. "ಇಂಥದ್ದನ್ನ ಯಾಕ್ ಸಾರ್ ಮುಚ್ಚಿಟ್ಟಿದ್ರಿ?" ಎನ್ನುತ್ತಲೇ ಪಕ್ಷದ ಹಿರಿಯರಿಗೆ ಫೋನ್ ಹಚ್ಚಿದರು. ಅತ್ತ ರಿಂಗ್ ಆಗುವುದು ನಮಗೂ ಕೇಳುತ್ತಿತ್ತು. ಸುಮ್ಮನಿರಿ ಎಂದು ಅಪ್ಪನನ್ನು ಕಣ್ಣಲ್ಲೇ ಬೇಡಿಕೊಂಡೆ. ಅಪ್ಪ ಎದ್ದು ನೆಟ್ಟಗೆ ನಿಂತರು.

"ಸಹಿ ಬೂಟಿಗೆ, ಬಾಬಣ್ಣ. ನಾನು ಸ್ಟೋರಲ್ಲಿದ್ದೆ. ಗುಂಡಿನ ಸದ್ದು ಪ್ರಾಕ್ಟೀಸಲ್ಲಿ ಕೇಳಿದ್ದಷ್ಟೇ."

ಬಾಬಣ್ಣ ಫೋನ್ ಕಟ್ ಮಾಡಿದರು. "ನಿಮ್ಗೆ ಈ ಲೈನು ಆಗ್ಬರಲ್ಲ ಬಿಡಿ ಸಾರ್." ಆಮೇಲೆ ನನ್ನತ್ತ ತಿರುಗಿದರು. "ಈ ಸಲ ವಾರ್ಡು ಲೇಡೀಸ್‌ಗೆ ರಿಸರ್ವ್ ಆಗೋ ಹಂಗಿದೆ. ಸೈನಿಕನ ಮಗಳು ಬೇರೆ. ಸುಳ್ಳೂ ಹೇಳ್ಲಿಲ್ಲ, ನಿಜಾನೂ ಹೇಳ್ಲಿಲ್ಲ! ನಿಮ್ ನಂಬರ್ ಕೊಡಿ ಮೇಡಂ."

ಅವರು ಹೋದ ಮೇಲೆ ಅಪ್ಪ ಖಾಲಿ ಕಾಫಿ ಲೋಟ ಎತ್ತಿಟ್ಟರು. ಟಿಕೆಟ್ ಕೈತಪ್ಪಿದ ದುಃಖ ಮುಖದಲ್ಲಿತ್ತು. ಬೆನ್ನು ಮಾತ್ರ ಬಾಗಿರಲಿಲ್ಲ. ಅಮ್ಮ ಸೌಟು ಹಿಡಿದೇ ಹೊರಬಂದು, "ಏನೇ, ನಂಬರ್ ಕೊಟ್ಬಿಟ್ಯಾ?" ಎಂದಳು.

"ಕೇಳಿದ್ರಲ್ಲ, ಮರ್ಯಾದೆಗೆ ಕೊಟ್ಟೆ."

"ತಪ್ಪು ನಂಬರ್ ಕೊಟ್ಟಿದ್ರೆ ಆಗ್ತಿತ್ತಲ್ಲೇ."

ಆಗುತ್ತಿತ್ತು. ಆದರೆ ನಾನು, ಅವರು ಸರಿಯಾಗಿ ಸೇವ್ ಮಾಡಿಕೊಂಡರೋ ಇಲ್ಲವೋ ಎಂದು, ಗೇಟಿನ ತನಕ ಹೋಗಿ ಒಂದು ಮಿಸ್ಡ್ ಕಾಲ್ ಕೊಡಿಸಿ ನೋಡಿದ್ದೆ.