ಸಾಂಬಾರ್ ಎರಡು ಸಲ ಹಾಕಿಸಿಕೊಳ್ಳಿ

ನಮ್ಮ ಕಡೆಯವರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಮಾದಪ್ಪನಿಗೆ ಕೈ ಮುಗಿಯುತ್ತಾರೆ, ಆಮೇಲೆ ನನ್ನ ಗಂಡನಿಗೆ ಫೋನ್ ಮಾಡುತ್ತಾರೆ. ಬೆಂಗಳೂರಿನಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಉಣ್ಣಬಾರದು ಎಂದು ಇಡೀ ಕೊಳ್ಳೇಗಾಲ, ಹನೂರು, ಯಳಂದೂರಿಗೆ ಅಪ್ಪಣೆ ಕೊಡಿಸುವ ಅಧಿಕಾರವನ್ನು ಈ ಮನುಷ್ಯನಿಗೆ ಯಾರು ಕೊಟ್ಟರೋ ನನಗೆ ಗೊತ್ತಿಲ್ಲ. ಕೊಟ್ಟವರು ಸಿಕ್ಕಿದರೆ ಎರಡು ಮಾತು ಕೇಳುವುದಿದೆ.

ಅವರ ಹೆಸರು ಶಾಂತಮೂರ್ತಿ. (ಇಟ್ಟವರು ನಮ್ಮ ಅತ್ತೆ ದೊಡ್ಡಬಸಮ್ಮನವರು. ಮಗ ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಾಗ ಇಟ್ಟಿರಬೇಕು.) ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸ. ವಾರಕ್ಕೊಮ್ಮೆ ಸೀರೆ ಗಂಟು ಹೊತ್ತು ಬೆಂಗಳೂರಿಗೆ ಹೋಗಿ, ಅಲ್ಲಿನ ಅಂಗಡಿಗಳಿಗೆ ಕೊಟ್ಟು, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಾರೆ. ಮಧ್ಯಾಹ್ನ ಒಂದು ಹೊತ್ತಿನ ಊಟ ಅಲ್ಲಿ ಆಗಬೇಕಲ್ಲ, ಆಗುತ್ತದೆ. ಆ ಒಂದು ಹೊತ್ತಿನ ಊಟದ ಮೇಲೆ ಇವರು ಕಟ್ಟಿರುವ ಸಾಮ್ರಾಜ್ಯ ನೋಡಬೇಕು ನೀವು.

ಬೆಳಿಗ್ಗೆ ನಾನು ಮುದ್ದೆ ಕಟ್ಟಿ, ಉಪ್ಸಾರು ಬಿಟ್ಟು, ಪಕ್ಕದಲ್ಲಿ ಖಾರ ಇಟ್ಟು ತಟ್ಟೆ ಮುಂದಿಡುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಗುತ್ತದೆ. ಕೂಡಲೇ ಕಣ್ಣು ಮುಚ್ಚುತ್ತಾರೆ. ನನ್ನೊಂದಿಗೆ ಮಾತಾಡುವಾಗ ಎಂದೂ ಬಾಯಿಗೆ ಬಾರದ ‘ಹ’ಕಾರ ಆಗ ಮೆರವಣಿಗೆಯಲ್ಲಿ ಬರುತ್ತದೆ.

“ಹೌದು ಹೌದು. ಸಂಪಿಗೆ ವಿಲಾಸಕ್ಕೆ ಹೋಗಿ. ಬೆಣ್ಣೆ ದೋಸೆ ಹೇಳಿ. ಹೊರಗೆ ಗರಿಗರಿ, ಒಳಗೆ ಹತ್ತಿ. ಬಿಸಿ ಇರುವಾಗಲೇ ತಿನ್ನಬೇಕು ನೋಡಿ, ಆರಿದ ಮೇಲೆ ಯಾವ ಪದಾರ್ಥಕ್ಕೂ ಮರ್ಯಾದೆ ಇಲ್ಲ.”

ಅಷ್ಟರಲ್ಲಿ ತಟ್ಟೆಯಲ್ಲಿ ನನ್ನ ಪದಾರ್ಥ ಆರಿ ಅದರ ಮರ್ಯಾದೆ ಹೋಗಿರುತ್ತದೆ. ಫೋನ್ ಇಟ್ಟು ಒಂದು ತುತ್ತು ಅದ್ದಿ ನನ್ನ ಕಡೆ ನೋಡುತ್ತಾರೆ. “ಸಾರು ತಣ್ಗದೆ ಕಣೇ ಪದ್ಮಿನಿ. ನಿಂಗೆ ಯಾವತ್ತು ಗೊತ್ತಾದದು ಅಡ್ಗೆ?”

ಆ ಸಂಪಿಗೆ ವಿಲಾಸಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತೇನೆಂದು ಅವರು ಮಾತು ಕೊಟ್ಟಿದ್ದು ನಮ್ಮ ಮದುವೆಯಾದ ಹೊಸದರಲ್ಲಿ. ಈಗ ನಮ್ಮ ಮಗಳ ಮದುವೆಯೂ ಆಗಿದೆ. ನನಗೆ ಬೇಕಾದದ್ದು ಒಡವೆಯಲ್ಲ, ವಸ್ತ್ರವಲ್ಲ. ಒಂದೇ ಒಂದು ಸಲ, ಬೇರೆ ಯಾರೋ ಮಾಡಿದ್ದನ್ನು ಬೇರೆ ಯಾರೋ ಬಡಿಸಿ, ನಾನು ಕುರ್ಚಿಯಲ್ಲಿ ಕೂತು ಬಿಸಿಬಿಸಿಯಾಗಿ ತಿನ್ನಬೇಕು. ತಿಂದು ಮುಗಿಸುವ ತನಕ ಯಾರೂ “ನೀರು” ಎಂದು ಕೂಗಬಾರದು. ಮದುವೆ ಮನೆ ಊಟ ಇದೆಯಲ್ಲ ಎನ್ನಬೇಡಿ. ಮದುವೆ ಮನೆಯಲ್ಲಿ ಓಡಾಡುವ ಹೆಂಗಸರು ಕೊನೆ ಪಂಕ್ತಿಗೆ ಕೂರುವ ಹೊತ್ತಿಗೆ ಪಾಯಸದ ಪಾತ್ರೆ ತೊಳೆದು ಬೋರಲು ಹಾಕಿರುತ್ತಾರೆ.

“ಈ ವಾರ ನಾನೂ ಬತ್ತೀನಿ.”

“ಈ ವಾರ ಅಮಾಸೆ.”

“ಮುಂದಿನ ವಾರ?”

“ಅವ್ವಂಗೆ ಮಂಡಿನೋವು. ಬಿಸ್ನೀರು ಯಾರು ಕಾಯ್ಸಿಕೊಟ್ಟಾರು?”

“ನಿಮ್ಮ ತಂಗಿ ಬಂದಿರ್ತಾಳಲ್ಲ.”

“ಅವ್ಳು ಬಂದಾಗ ನೀನು ಮನೇಲಿ ಇಲ್ದಿದ್ರೆ ಏನಂದ್ಕಂಡಾಳು? ಆತುರ ಯಾಕೆ ನಿಂಗೆ, ಓಟ್ಲು ಏನು ಎದ್ದು ಓಡೋಯ್ತದಾ?”

ಹೋಟೆಲು ಓಡಿಹೋಗಲಿಲ್ಲ, ನಿಜ. ನನ್ನ ವಯಸ್ಸು ಓಡಿಹೋಯಿತು.

ಇವರು ಹೊಗಳುವ ಹೋಟೆಲುಗಳ ಹಾಗೆಯೇ ತೆಗಳುವ ಹೋಟೆಲುಗಳೂ ಇವೆ. ಅವುಗಳಲ್ಲಿ ಅಗ್ರಪೂಜೆ ಮಾರುಕಟ್ಟೆ ಹಿಂದಿನ ಗಲ್ಲಿಯ ಅಮೃತಕಲಶ ಭವನಕ್ಕೆ. “ಅಲ್ಲಿಗೆ ಮಾತ್ರ ಹೋಗಬೇಡಿ. ಆ ಸಾಂಬಾರಿಗೂ ಕೈ ತೊಳೆದ ನೀರಿಗೂ ವ್ಯತ್ಯಾಸ ಗೊತ್ತಾಗಲ್ಲ. ಶತ್ರುವಿಗೂ ಹೇಳಬಾರದು” ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆ ಮಾತನ್ನು ನಾನು ಒಲೆ ಮುಂದೆ ನಿಂತು ಕೇಳಿ ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಕೊನೆಗೂ ಹೋದ ಮಾಘದಲ್ಲಿ ಎಲ್ಲ ಕೂಡಿಬಂತು. ಅತ್ತೆ ಧನಗೆರೆಗೆ ಮಗಳ ಮನೆಗೆ ಹೋಗಿದ್ದರು. ಅಮಾವಾಸ್ಯೆ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಹುಟ್ಟಿರಲಿಲ್ಲ. ನಾನು ಹಿಂದಿನ ದಿನವೇ ಸೀರೆಗೆ ಇಸ್ತ್ರಿ ಮಾಡಿ ಮಡಚಿಟ್ಟಿದ್ದೆ. ಬೆಳಿಗ್ಗೆ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದರೆ, ಇವರು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, “ಇವತ್ತು ಗಂಟು ಜಾಸ್ತಿ ಅವೆ ಕಣೇ. ಪಕ್ಕದ ಸೀಟಲ್ಲಿ ಗಂಟು ಇಡ್ಬೇಕು. ಇನ್ನೊಂದ್ಸಲ ನೋಡವ” ಎಂದು ಬಾಗಿಲು ಹಾಕಿಕೊಂಡರು. ಆ ಸೀಟಿಗೆ ಗಂಟೇ ಮೇಲಾಯಿತು.

ಆ ಗಳಿಗೆಯಲ್ಲೇ ಫೋನ್ ಬಂತು. ಹನೂರಿನ ಗೊಬ್ಬರದ ಅಂಗಡಿ ಶಿವನಂಜಯ್ಯ.

“ಅಕ್ಕಾ, ಸಾ ಇಲ್ವಾ? ಮದ್ವೆ ಜವಳಿಗೆ ಅಂತ ಬಸ್ ಅತ್ತಿದೀವಿ, ಮನೆಮಂದಿಯೆಲ್ಲ. ಮಧ್ಯಾನ ಎಲ್ಲಿ ಉಣ್ಣಣ ಅಂತ ಒಂದು ಮಾತು ಕೇಳವ ಅಂತ.”

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಕನ್ನಡಿಯಲ್ಲಿ ಹೂ ಮುಡಿದ ನನ್ನ ಮುಖ. ನನಗೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ.

“ಸ್ನಾನಕ್ಕೆ ಹೋಗವ್ರೆ. ನೀವು ಕೇಳ್ತೀರಿ ಅಂತ ಗೊತ್ತಿದ್ದು ಹೇಳಿಟ್ಟವ್ರೆ ಕಣಪ್ಪ,” ಎಂದೆ. “ಮಾರ್ಕೆಟ್ ಹಿಂದೆ ಅಮೃತಕಲಶ ಭವನ ಅಂತ ಅದೆ. ಅಲ್ಲಿಗೇ ಹೋಗ್ಬೇಕಂತೆ. ಸಾಂಬಾರ್ ಎರಡು ಸಲ ಹಾಕಿಸ್ಕಳಿ ಅಂತ ಬೇರೆ ಹೇಳವ್ರೆ.”

ಆ ಮಧ್ಯಾಹ್ನದಷ್ಟು ನೆಮ್ಮದಿ ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಒಬ್ಬಳೇ ಕೂತು ಶಾವಿಗೆ ಪಾಯಸ ಮಾಡಿಕೊಂಡು ತಿಂದೆ. ನಾಳೆಗೆ ಶಿವನಂಜಯ್ಯ ಹೊಟ್ಟೆ ಹಿಡಿದುಕೊಂಡು ಬರುತ್ತಾನೆ, ಬೀದಿಯಲ್ಲಿ ನಿಂತು ಬಯ್ಯುತ್ತಾನೆ, ಹನೂರಿನ ತುಂಬ ಸುದ್ದಿಯಾಗುತ್ತದೆ, ಶಾಂತಮೂರ್ತಿಗಳ ಭೋಜನಸಿಂಹಾಸನ ಮುರಿದು ಬೀಳುತ್ತದೆ, ಆಮೇಲಾದರೂ ನಾನು ಬಡಿಸಿದ ಮುದ್ದೆಯನ್ನು ಬಿಸಿಯಾಗಿ ಉಣ್ಣುತ್ತಾರೆ ಎಂದು ನನ್ನ ಲೆಕ್ಕಾಚಾರ.

ಶಿವನಂಜಯ್ಯ ಬಂದದ್ದು ನಿಜ. ಹೆಂಡತಿ ರತ್ನಳನ್ನೂ ಕರೆತಂದಿದ್ದ, ಒಂದು ಚೀಲ ಅವರೆಕಾಯನ್ನೂ ತಂದಿದ್ದ. ನಾನು ಅಡುಗೆಮನೆ ಬಾಗಿಲಿಗೆ ಕಿವಿ ಕೊಟ್ಟು ನಿಂತೆ.

“ಸಾ, ನೀವು ಏಳ್ದಂಗೇ ಅಮೃತಕಲಶಕ್ಕೆ ಓದ್ವಿ. ಏಳ್ದಂಗೇ ಸಾಂಬಾರ್ ಎರಡು ಸಲ ಆಕಿಸ್ಕಂಡ್ವಿ.”

ನಾನು ಕಿವಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿದೆ.

“ಮೊದ್ಲು ಬಾಯಿಗಿಟ್ಟಾಗ ಒಂಥರಾ ಆಯ್ತು ಸಾ,” ಎಂದಳು ರತ್ನ. “ನಮ್ಮತ್ತೆ ಇದೇನು ಕಲಗಚ್ಚು ಅಂದ್ಬುಟ್ರು. ನಾನೇ ಬೈದೆ. ನಮ್ದು ಸೊಪ್ಪುಸಾರು ತಿಂದ ನಾಲ್ಗೆ, ಅದ್ಕೆ ಏನು ಗೊತ್ತಾದದು, ಸಾ ಅಂಥವ್ರು ಏಳವ್ರೆ ಅಂದ್ಮೇಲೆ ಅದ್ರಲ್ಲಿ ಏನೋ ಇರ್ಬೇಕು ಅಂದೆ. ಎರಡ್ನೇ ಸಲ ಆಕಿಸ್ಕಂಡಾಗ ನಿಜವಾಗ್ಲೂ ರುಚಿ ಗೊತ್ತಾಯ್ತು.”

ನಾನು ಬಾಗಿಲ ಸಂದಿಯಿಂದ ನೋಡಿದೆ. ಇವರು ಒಂದು ಸಲ ಅವರೆಕಾಯಿ ಚೀಲ ನೋಡಿದರು, ಒಂದು ಸಲ ಅಡುಗೆಮನೆ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

“ಹೌದು ಹೌದು,” ಎಂದರು. “ಆ ಸಾಂಬಾರು ಮೊದಲ ತುತ್ತಿಗೆ ಎಲ್ಲರಿಗೂ ಹಿಡಿಸುವುದಿಲ್ಲ. ಅದಕ್ಕೇ ನಾನು ಎರಡು ಸಲ ಅಂತ ಹೇಳೋದು.”

ಗಂಡ ಹೆಂಡತಿ ಇಬ್ಬರೂ ಹನೂರಿಗೆ ಹೊರಟ ಮೇಲೆ ನಮ್ಮಲ್ಲಿ ಜಗಳವಾಗುತ್ತದೆಂದು ಸೌಟು ಹಿಡಿದೇ ನಿಂತಿದ್ದೆ. ಏನೂ ಇಲ್ಲ. ಇವರು ಅವರೆಕಾಯಿ ಬಿಡಿಸುತ್ತ ಕೂತರು. ಹೊಗಳಿಕೆ ಎಲ್ಲಿಂದ ಬಂದರೇನು, ಬಾಚಿಕೊಳ್ಳುವ ಜಾತಿ; ಸಂಶಯಪಡಲು ಈ ತಲೆಯಲ್ಲಿ ಜಾಗ ಎಲ್ಲಿದೆ ಎಂದುಕೊಂಡೆ. (ಗಂಡನನ್ನು ದಡ್ಡ ಎಂದುಕೊಳ್ಳುವ ಹೆಂಗಸರೇ, ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಮುಂದೆ ಓದಿ.)

ಅಲ್ಲಿಂದ ಶುರುವಾಯಿತು ಅಮೃತಕಲಶದ ದಿಗ್ವಿಜಯ. ಹನೂರಿನಿಂದ ಸುದ್ದಿ ಮಾರ್ಟಳ್ಳಿಗೆ ಹೋಯಿತು, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಹತ್ತಿ ಇಳಿಯಿತು, ಇತ್ತ ಯಳಂದೂರು ಮುಟ್ಟಿತು. ಹೋದವರೆಲ್ಲ ತಿಂದು ಬಂದು ಹೊಗಳಿದರು. ಚೆನ್ನಾಗಿಲ್ಲ ಎಂದರೆ ನಮ್ಮ ನಾಲಿಗೆಯೇ ಹಳ್ಳಿ ನಾಲಿಗೆ ಎಂದಾದೀತಲ್ಲ ಎಂದು ಒಬ್ಬರಿಗಿಂತ ಒಬ್ಬರು ಜಾಸ್ತಿ ಹೊಗಳಿದರು. ನಾನು ವಿಷ ಹಾಕಿದ್ದೆ. ಇವರು ಅದರಲ್ಲಿ ಪುಷ್ಟಿಯಾಗಿ ಬೆಳೆದರು.

ಕೊನೆಗೆ ಶಿವನಂಜಯ್ಯನ ಮಗಳ ಮದುವೆ ಬಂತು, ಯಳಂದೂರಿನ ಛತ್ರದಲ್ಲಿ. ಹೆಂಗಸರೆಲ್ಲ ಕೂತು ಹೂ ಕಟ್ಟುವಾಗ ರತ್ನ ಕೇಳಿದಳು. “ಅಕ್ಕಾ, ನೀವು ಅಮೃತಕಲಶಕ್ಕೆ ಓದಾಗ ಸಾಂಬಾರ್ ಜೊತೆಗೆ ಏನು ತಕತೀರಿ?”

“ನಾನು ಹೋಗೇ ಇಲ್ಲ ಕಣಮ್ಮ. ಯಾವ ಹೋಟ್ಲಿಗೂ ಹೋಗಿಲ್ಲ.”

ಹೂ ಕಟ್ಟುತ್ತಿದ್ದ ಕೈಗಳೆಲ್ಲ ನಿಂತವು. ನನಗೆ ನಾಚಿಕೆಯಾಯಿತು. ಸತ್ಯ ಹೇಳಿದ್ದಕ್ಕೆ ನನಗೇ ಯಾಕೆ ನಾಚಿಕೆಯಾಗಬೇಕೋ. ರತ್ನ ಎದ್ದವಳೇ ಗಂಡಸರು ಕೂತಿದ್ದ ಕಡೆಗೆ ನಡೆದಳು.

“ಸಾ, ತಪ್ಪು ತಿಳ್ಕಬೇಡಿ. ಊರೋರ್ಗೆಲ್ಲ ದಾರಿ ತೋರ್ಸಿ ಅಕ್ಕನ್ನ ಮನೇಲಿ ಕೂರ್ಸಿದೀರಲ್ಲ, ಇದೊಂದು ಸರಿಯಿಲ್ಲ.”

ನೂರು ಜನರ ಎದುರು ಇವರ ಮುಖ ಕೆಂಪಾಗುತ್ತದೆಂದು ಕಾದೆ. ಇವರು ನಕ್ಕರು. “ಸರಿಯಾಗಿ ಹೇಳಿದೆಯಮ್ಮ. ಬರೋ ಸೋಮವಾರವೇ ಕರೆದುಕೊಂಡು ಹೋಗ್ತೀನಿ. ನೀವಿಬ್ಬರೂ ಜೊತೆಗೆ ಬನ್ನಿ.”

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಬೈದುಕೊಂಡೆನಲ್ಲ ಎಂದು ಒಂದು ಕ್ಷಣ ಅನ್ನಿಸಿತು ಕೂಡ.

“ಸಂಪಿಗೆ ವಿಲಾಸಕ್ಕೆ ತಾನೆ?” ಎಂದು ಮೆಲ್ಲಗೆ ಕೇಳಿದೆ.

“ಅದ್ಯಾಕೆ? ಅಮೃತಕಲಶಕ್ಕೆ. ಇಷ್ಟು ಜನ ಚೆನ್ನಾಗದೆ ಅಂತಾವ್ರೆ. ನಿಂದೇನಾದ್ರೂ ತಕರಾರು ಅದಾ?”

ತಕರಾರು ಇತ್ತು. ಹೇಳಿದರೆ ನನ್ನ ಫೋನಿನ ಕಥೆಯೂ ಹೊರಬೀಳುತ್ತಿತ್ತು.

ಸೋಮವಾರ ಅದೇ ಸೀರೆ ಉಟ್ಟು ಹೋದೆ. ಬಸ್ಸಿಳಿದು ನಡೆಯುತ್ತ ಸಂಪಿಗೆ ವಿಲಾಸದ ಮುಂದೆಯೇ ಹಾದುಹೋದೆವು. ಬೆಣ್ಣೆ ಕಾಯುವ ವಾಸನೆ ರಸ್ತೆಯವರೆಗೂ ಬಂದಿತ್ತು. ಒಳಗೆ ನನ್ನ ವಯಸ್ಸಿನ ಇಬ್ಬರು ಹೆಂಗಸರು ಎದುರುಬದುರು ಕೂತು, ಮಾತಾಡುತ್ತ, ಒಂದು ಚೂರೂ ಅವಸರವಿಲ್ಲದೆ ದೋಸೆ ಮುರಿಯುತ್ತಿದ್ದರು. ನನ್ನ ಕಾಲು ತಾನಾಗಿ ನಿಂತಿತು.

“ಅದೇನು ನೋಡೀಯೆ, ಬಾ,” ಎಂದರು ಇವರು.

ಅಮೃತಕಲಶದಲ್ಲಿ ನಮಗೆ ರಾಜಮರ್ಯಾದೆ. ಕೊಳ್ಳೇಗಾಲದ ಕಡೆಯವರೆಂದು ತಿಳಿದ ಕೂಡಲೇ ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದ. ಫ್ಯಾನಿನ ಕೆಳಗೆ ಕೂರಿಸಿದ. ನಾನು ಕುರ್ಚಿಯಲ್ಲಿ ಕೂತೆ. ಬೇರೆ ಯಾರೋ ಮಾಡಿದ್ದನ್ನು ಬೇರೆ ಯಾರೋ ತಂದು ಬಡಿಸಿದರು. ಬಿಸಿಯೂ ಇತ್ತು. ಕೇಳಿಕೊಂಡದ್ದನ್ನೆಲ್ಲ ದೇವರು ಕೊಟ್ಟಿದ್ದ, ರುಚಿಯೊಂದನ್ನು ಬಿಟ್ಟು.

ಒಂದು ತುತ್ತು ಬಾಯಿಗಿಟ್ಟೆ. ಇವರ ಬಾಯಲ್ಲಿ ಹುಟ್ಟಿದಂದಿನಿಂದ ಬಂದ ಒಂದೇ ಒಂದು ಸತ್ಯವೆಂದರೆ ಆ ಸಾಂಬಾರಿನ ಬಗ್ಗೆ ಹೇಳಿದ್ದು. ನುಂಗುವುದಕ್ಕೆ ನೀರು ಬೇಕಾಯಿತು. ಎದುರಿಗೆ ರತ್ನ, ಶಿವನಂಜಯ್ಯ ಇಬ್ಬರೂ ತಮ್ಮ ಊಟ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂಗದೆ ಅಕ್ಕಾ?”

“ಚೆನ್ನಾಗದೆ,” ಎಂದೆ.

ಆಗ ಗಮನಿಸಿದೆ, ಇವರ ಮುಂದೆ ಎಲೆಯೇ ಇಲ್ಲ. “ನೀವು?”

“ನಂಗೆ ಇವತ್ತು ಸೋಮವಾರ ಅಲ್ವಾ. ಉಪವಾಸ.” ಮಗಳು ಹುಟ್ಟಿದ ದಿನವೂ, ಅಪ್ಪ ಸತ್ತ ದಿನವೂ ಮೂರು ಹೊತ್ತು ಉಂಡ ಮನುಷ್ಯ ಇದು.

ಸಾಂಬಾರಿನ ಬಕೆಟ್ಟು ಹಿಡಿದು ಬಂದ ಮಾಲೀಕನನ್ನು ಇವರೇ ಕರೆದರು. ಫೋನಿನ ದನಿಯಲ್ಲಿ, ಒಂದೊಂದೇ ‘ಹ’ಕಾರ ಸ್ಪಷ್ಟವಾಗಿ. “ಇವರಿಗೆ ಇನ್ನೂ ಹಾಕಿ. ಸಾಂಬಾರ್ ಎರಡು ಸಲ ಹಾಕಿಸಿಕೊಳ್ಳಬೇಕು ಅಂತ ಮೊದಲು ಕಂಡುಹಿಡಿದದ್ದೇ ನಮ್ಮ ಮನೆಯವರು.”

ನಾನು ತಲೆ ಎತ್ತಿದೆ. ಅವರು ನನ್ನನ್ನು ನೋಡಿ, ನಮ್ಮ ಮದುವೆಯ ಫೋಟೋದಲ್ಲಿ ನಕ್ಕಂತೆ ನಕ್ಕರು. ಅಂದರೆ ಅವರೆಕಾಯಿ ಬಿಡಿಸುತ್ತ ಕೂತ ದಿನವೇ ಗೊತ್ತಿತ್ತು. ಅಷ್ಟು ದಿನ ಕಾದು, ಸೋಮವಾರವನ್ನೇ ಆರಿಸಿ, ಸಾಕ್ಷಿಗಳನ್ನೂ ಕರೆತಂದಿದ್ದರು. ಎಲೆ ಬಳಿದು ಉಂಡೆ. ಬೇರೆ ದಾರಿ ಇರಲಿಲ್ಲ.

“ನೀವು ನಿಧಾನವಾಗಿ ಉಣ್ಣಿ. ಇಲ್ಲೇ ಒಂದು ಅಂಗಡಿಗೆ ಮಾತಾಡಿ ಬಂದ್ಬುಡ್ತೀನಿ,” ಎಂದು ನಡುವೆ ಎದ್ದುಹೋದರು. ಬಹಳ ಹೊತ್ತಾದ ಮೇಲೆ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಗಂಟಿಲ್ಲದೆ ನಾನೇ ಕೂತಿದ್ದೆ. ನನ್ನ ಬಾಯಲ್ಲಿ ಇನ್ನೂ ಆ ಸಾಂಬಾರಿನ ರುಚಿ. ಇವರ ಬೆರಳಿನಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಕನಕಪುರ ದಾಟಿದ ಮೇಲೆ ಫೋನ್ ಬಂತು. ಯಳಂದೂರಿನ ಚಿಕ್ಕಸಿದ್ದಯ್ಯನಂತೆ, ನಾಳೆ ಬೆಂಗಳೂರಿಗೆ ಹೋಗುತ್ತಾನಂತೆ. ಇವರು ಕೇಳಿಸಿಕೊಂಡು, “ಇರಿ, ನಮ್ಮ ಮನೆಯವರೇ ಹೇಳ್ತಾರೆ. ಇವತ್ತೇ ತಿಂದು ಬಂದಿದ್ದಾರೆ” ಎಂದು ಫೋನನ್ನು ನನ್ನ ಕೈಗಿಟ್ಟರು.

ಹಿಂದಿನ ಸೀಟಿನಿಂದ ರತ್ನ ಕತ್ತು ಚಾಚಿ ಆಸೆಯಿಂದ ನೋಡುತ್ತಿದ್ದಳು.

“ಅಮೃತಕಲಶಕ್ಕೆ ಹೋಗಿ ಕಣಪ್ಪ,” ಎಂದೆ. “ಸಾಂಬಾರ್ ಎರಡು ಸಲ ಹಾಕಿಸ್ಕಳಿ.”

ಶಾಂತಮೂರ್ತಿಗಳು ಕಣ್ಣು ಮುಚ್ಚಿ, ಕಿಟಕಿಗೆ ಒರಗಿ, ಉಪವಾಸದ ಒಂದು ದೊಡ್ಡ ತೇಗು ತೇಗಿದರು.