ಏಟು ಯಾರಿಗೆ ಬಿತ್ತು

ರುದ್ರೇಶ್ ಮೇಷ್ಟ್ರ ಗ್ರಹಚಾರ ಶುರುವಾದದ್ದು ತೆಂಗಿನಕಾಯಿಯಿಂದ. ದಬ್ಬೇಘಟ್ಟದ ಕಡೆಯ ಹಳ್ಳಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ವಾಕ್ಯದಲ್ಲಿ ಡೈರೆಕ್ಟ್ ಆಬ್ಜೆಕ್ಟ್, ಅಂದರೆ ಕರ್ಮಪದ, ಯಾವುದೆಂದು ಹೇಳಿಕೊಡಲು ಅವರು ಕಣ್ಣೆದುರಿನದನ್ನೇ ಹಿಡಿದರು. ರಂಗ ಕಾಯಿ ಕೀಳುತ್ತಾನೆ, ಆಶಾ ಕಾಯಿ ಒಡೆಯುತ್ತಾಳೆ, ಅಜ್ಜ ಕಾಯಿ ಸುಲಿಯುತ್ತಾನೆ. ತಿಂಗಳಿಡೀ ಬರೀ ಕಾಯಿ.

ಇವತ್ತು ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ರುದ್ರೇಶ್‌ಗೆ ತಿಪಟೂರಿಗೆ ವರ್ಗ. ಅಲ್ಲಿ ಹೆಂಡತಿ ಗಿರಿಜಾಂಬಿಕಾ ಒಬ್ಬಳೇ ಕೂಸನ್ನು ನೋಡಿಕೊಳ್ಳುತ್ತಿದ್ದಳು. ವಾರಕ್ಕೊಮ್ಮೆ ಬರುವ ಅಪ್ಪನನ್ನು ಕಂಡರೆ ಆ ಕೂಸು ಇಂಜೆಕ್ಷನ್ ಡಾಕ್ಟರನ್ನು ಕಂಡಂತೆ ಚೀರುತ್ತಿತ್ತು.

ಬೆಳಿಗ್ಗೆ ಮೇಷ್ಟ್ರು ಯಾಕೋ ಅನುಮಾನ ಬಂದು "ದಿ ಕೌ ಈಟ್ಸ್ ಗ್ರಾಸ್" ಎಂದು ಬರೆದು, ಆಬ್ಜೆಕ್ಟ್ ಯಾವುದೆಂದು ಕೇಳಿದರು.

"ಕೋಕೊನಟ್ ಸಾ" ಎಂದಿತು ಇಡೀ ತರಗತಿ.

ಮೇಷ್ಟ್ರು ಹಲಗೆ ಕುಟ್ಟಿದರು. "ಕೆಲಸದ ಏಟು ಯಾರಿಗೆ ಬೀಳುತ್ತೆ ನೋಡ್ರೋ. ಹಸು ತಿಂದ್ರೆ ಏಟು ಹುಲ್ಲಿಗೆ ಕಣ್ರೋ" ಎಂದು ಗಂಟಲು ಹರಿದುಕೊಳ್ಳುತ್ತಿರುವಾಗಲೇ ಹೊರಗೆ ಜೀಪು ನಿಂತಿತು. ತಲೆಗೆ ಹತ್ತಿತೋ ಇಲ್ಲವೋ ಎಂದು ಕೇಳಿ ನೋಡಲೂ ಪುರುಸೊತ್ತಾಗಲಿಲ್ಲ.

ಸಾಹೇಬರು ನೇರ ಹಲಗೆಯ ಬಳಿ ಹೋಗಿ ಸೀಮೆಸುಣ್ಣ ಎತ್ತಿಕೊಂಡರು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಹುಚ್ಚರಂಗಯ್ಯ ಕೆತ್ತಿದ ಎಳನೀರು ಹಿಡಿದು ಒಳಗೆ ಬಂದರು. ಬಂದವರಿಗೆ ಎಳನೀರು ಕೊಡದೆ ಮಾತಾಡಿಸುವ ಪದ್ಧತಿ ಆ ಊರಲ್ಲಿಲ್ಲ.

"ಮೊದ್ಲು ಕುಡೀರಿ ಸ್ವಾಮಿ. ಪಾಠ ಎಲ್ಲೋಯ್ತದೆ."

ಸಾಹೇಬರು ಕುಡಿದರು. ಕೈಯಲ್ಲಿದ್ದದ್ದನ್ನೇ ನೋಡಿ "ಐ ಹೋಲ್ಡ್ ಎ ಕೋಕೊನಟ್" ಎಂದು ಬರೆದರು. ಮಕ್ಕಳು ಸೂರು ಹಾರುವಂತೆ ಉತ್ತರ ಕೂಗಿದರು. ಬೇರೆ ವಾಕ್ಯ ಹುಡುಕಲು ಸಾಹೇಬರು ಕಿಟಕಿಯತ್ತ ತಿರುಗಿದರೆ, ಪಕ್ಕದ ಮನೆಯ ಹೊಂಬಾಳಮ್ಮ ಇನ್ನೊಂದು ಎಳನೀರು ಚಾಚಿಕೊಂಡು ನಿಂತಿದ್ದಳು.

"ನಮ್ಮನೇದು ಕುಡೀದೆ ಹೋದ್ರೆ ಬೇಜಾರಾಯ್ತದೆ ಕಣಪ್ಪ."

"ಶಿ ಬ್ರಿಂಗ್ಸ್ ಎ ಕೋಕೊನಟ್" ಎಂದು ಬರೆದರು ಸಾಹೇಬರು. ಉತ್ತರ ಮತ್ತೆ ಸರಿ. ರುದ್ರೇಶ್‌ಗೆ ಹೋದ ಉಸಿರು ಬಂದಂತಾಯಿತು.

"ಭೇಷ್. ನಿಮ್ಮ ವರ್ಗಕ್ಕೆ ಈಗ್ಲೇ ಸಹಿ ಹಾಕ್ತೀನಿ" ಎಂದು ಸಾಹೇಬರು ಪೆನ್ನು ತೆಗೆದರು.

ಹುಚ್ಚರಂಗಯ್ಯ ಅಡ್ಡ ಬಂದರು. "ವರ್ಗಾನಾ? ಇಂಥ ಮೇಷ್ಟ್ರನ್ನ ಕಳಿಸ್ಬುಟ್ರೆ ನಮ್ಮ ಮಕ್ಕಳ ಗತಿ ಏನ್ ಸ್ವಾಮಿ?"

ಸಾಹೇಬರು ಯೋಚಿಸಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಅದೂ ನಿಜಾನೇ. ಟೌನಿಗೆ ಯಾರಾದ್ರೂ ಸಿಕ್ತಾರೆ. ನೀವು ಇಲ್ಲೇ ಇರಿ."

ರುದ್ರೇಶ್‌ಗೆ ಅಳುವೇ ಬಂತು. ಮಾನ ಹೋದರೆ ಹೋಗಲಿ, ಕೆಲಸಕ್ಕೆ ಬಾರದವನೆಂದಾದರೂ ಈ ಊರು ತನ್ನನ್ನು ಬಿಡಲಿ ಎನಿಸಿತು.

"ಸಾರ್, ಇವಕ್ಕೆ ಕೋಕೊನಟ್ ಬಿಟ್ರೆ ಏನೂ ಬರಲ್ಲ. ನೀವೇ ನೋಡಿ" ಎಂದು ಹಲಗೆಯ ಮೇಲೆ "ದಿ ಡಾಗ್ ಬೈಟ್ಸ್ ದಿ ಟೀಚರ್" ಎಂದು ಬರೆದರು. ಕೋಕೊನಟ್ ಅನ್ನಲಪ್ಪಾ ದೇವರೇ ಎಂದು ಕಣ್ಣು ಮುಚ್ಚಿ ನಿಂತರು.

ಮಕ್ಕಳು ಹಲಗೆ ನೋಡಿದರು. ನಾಯಿ ಕಚ್ಚಿದರೆ ಏಟು ಯಾರಿಗೆ ಎಂದು ತುಟಿಯಲ್ಲೇ ಗುನುಗಿಕೊಂಡರು. ಆಮೇಲೆ ಒಂದೇ ದನಿಯಲ್ಲಿ ಹೇಳಿದರು.

"ಟೀಚರ್ ಸಾ."

"ಇಷ್ಟೆಲ್ಲ ಕಲಿಸಿ, ಮೇಲೆ ಈ ವಿನಯ ಬೇರೆ" ಎಂದು ಸಾಹೇಬರು ಮೇಷ್ಟ್ರ ಬೆನ್ನು ತಟ್ಟಿ ಜೀಪು ಹತ್ತಿದರು.

ಹುಚ್ಚರಂಗಯ್ಯ ಮತ್ತೊಂದು ಎಳನೀರು ಕೆತ್ತಿ ರುದ್ರೇಶ್ ಕೈಗಿಟ್ಟರು. "ನಿಧಾನಕ್ಕೆ ಕುಡೀರಿ ಮೇಷ್ಟ್ರೇ. ಇನ್ನೆಲ್ಲಿಗೋಯ್ತೀರ."