ಸೀಮೆ ಹುಂಜವೂ ನಮ್ಮ ಸೀಮೆಯ ಹುಂಜವೂ

ದನದ ಆಸ್ಪತ್ರೆಯ ಕಾಂಪೌಂಡರನನ್ನು ದನ ಒದೆಯುವುದು ಸಹಜ. ನನ್ನನ್ನು ಮಾತ್ರ ಕೋಳಿಗಳೇ ನಗೆಪಾಟಲು ಮಾಡಿದವು. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು. ಕನ್ನಂಬಾಡಿ ಕಟ್ಟೆ ಎದ್ದ ಹೊಸತು. ಊರ ಕೋಳಿ ಸುಧಾರಿಸಬೇಕು, ವಿಲಾಯಿತಿಯ ಬಿಳಿ ಸೀಮೆ ಹುಂಜ ಹಂಚಿ ಎಂದು ಮೇಲಿನಿಂದ ಹುಕುಂ ಬಂತು. ಹಂಚುವವನು ನಾನು. ನಮ್ಮ ಕಡೆಯವರಿಗೋ ನಾಟಿ ಹುಂಜವೆಂದರೆ ಊರಿನ ಮಾನ. ಹಿರೋಡೆಯವರು ತಮ್ಮ ಹುಂಜದ ಕೂಗು ಹೊಗಳಿದರೆ, ನಾಗಮಂಗಲದವರು ತಮ್ಮ ಕೆಂಚ ಹುಂಜದ ಜುಟ್ಟಿಗೆ ಸಮವಿಲ್ಲ ಅನ್ನೋರು.

೧. ಕಾವಿನ ಪ್ರಶ್ನೆ

ಬಿಂಡಿಗನವಿಲೆಯಲ್ಲಿ ಒಬ್ಬ ಅಜ್ಜಿಯ ಮುಂದೆ ಬುಟ್ಟಿ ಇಳಿಸಿ ಭಾಷಣ ಶುರುಮಾಡಿದೆ.

"ಅಜ್ಜೀ, ಈ ಹುಂಜಕ್ಕೆ ಹುಟ್ಟೋ ಹೆಣ್ಣುಕೋಳಿ ಕಾವಿಗೆ ಕೂತು ದಿನ ಕಳೆಯೋದಿಲ್ಲ. ಮೊಟ್ಟೆ ಇಡ್ತಾನೇ ಇರ್ತದೆ."

"ಕಾವಿಗೆ ಕುಂತ್ಕಳಾಕಿಲ್ವಾ?"

"ಇಲ್ಲ."

"ಅಂಗಾದ್ರೆ ಮರಿ ಆಗೋದೆಂಗಪ್ಪಾ? ನಿಮ್ಮ ಅಮಲ್ದಾರ್ರು ಬಂದು ಕುಂತ್ಕತಾರಾ?"

ಬುಟ್ಟಿ ಮತ್ತೆ ಸೈಕಲ್ ಏರಿತು.

೨. ಊರಿನ ನೆನಪು

ಇನ್ನೊಂದು ಬಿಳಿ ಹುಂಜ ರೈಲಿನಲ್ಲಿ ಬಂತು. ಇಳಿಸಿಕೊಳ್ಳಲು ಅಕ್ಕಿಹೆಬ್ಬಾಳು ಸ್ಟೇಷನ್ನಿಗೆ ಹೋದೆ. ಬುಟ್ಟಿಯ ಬಾಯಿ ಬಿಚ್ಚಿಕೊಂಡು ಹುಂಜ ಹೊರಗೆ ನೆಗೆಯಿತು. ಅಲ್ಲೇ ರೈಲು ಗೇಟು ಕಾಯುವವನ ನಾಟಿ ಹುಂಜ ಮಣ್ಣು ಕೆದಕುತ್ತಿತ್ತು. ಕತ್ತಿನ ಪುಕ್ಕ ಕೆದರಿ ಒಂದೇ ಸಲ ಒದ್ದಿತು, ಅಷ್ಟೆ. ನಮ್ಮ ಬಿಳಿ ದೊರೆ ಕಿರುಚುತ್ತಾ ಓಡಿ, ಹೊರಟಿದ್ದ ಗಾಡಿಯ ಗಾರ್ಡಿನ ಡಬ್ಬಿಗೆ ಹಾರಿಬಿಟ್ಟಿತು. ನಾನು ಕೈ ಬೀಸುತ್ತಾ ಹಿಂದೆ ಓಡಿದೆ. ಬೀಳ್ಕೊಡಲು ಬಂದವನೆಂದುಕೊಂಡ ಗಾರ್ಡು ತಾನೂ ಕೈ ಬೀಸಿದ.

ಕೆಲಸ ಹೋಯಿತೆಂದು ತಲೆಮೇಲೆ ಕೈಹೊತ್ತು ಕೂತೆ. ಗೇಟಿನವನು ಸಮಾಧಾನ ಹೇಳಿದ:

"ಬುಡಿ ಸೋಮಿ, ಊರು ಗ್ಯಾಪ್ಕ ಬಂದ್ಬುಡ್ತು, ಸೀಮೆಗೆ ಒಂಟೋಯ್ತು. ಮುಟ್ಟಿದ್ಮೇಲೆ ಒಂದ್ ಕಾಗ್ದ ಆಕ್ತದೆ."

೩. ಮೊದಲ ಬಹುಮಾನ

ಶ್ರೀರಂಗಪಟ್ಟಣದಲ್ಲಿ ಕೋಳಿ ಪ್ರದರ್ಶನ. ತೀರ್ಪಿಗೆ ಮೈಸೂರಿನಿಂದ ದೊಡ್ಡ ಸಾಹೇಬರು ಬಂದಿದ್ದರು. ನಾಗಮಂಗಲದ ಗೌಡರೊಬ್ಬರು ಎದೆಯುಬ್ಬಿಸಿಕೊಂಡು ತಮ್ಮ ಕೆಂಚ ಹುಂಜ ತಂದಿದ್ದರು. ಸಾಹೇಬರು ಅದನ್ನು ಎತ್ತಿ ತೂಗಿ, ಪುಸ್ತಕದಲ್ಲಿ ಏನೋ ಗೀಚಿ ಮುಂದೆ ಹೋದರು.

"ಏನ್ಲಾ ಬರ್ದವ್ರೆ?" ಗೌಡರು ನನ್ನನ್ನು ಕೇಳಿದರು.

"'ಪ್ರಯೋಜನವಿಲ್ಲ' ಅಂತ."

"ನಾಕು ತಾಲೂಕಿನ ಮುಂದೆ ನಮ್ಮ ಮಾನ ತೆಗೆದ್ಬುಟ್ರಲ್ಲೋ! ಪ್ರಯೋಜ್ನ ತೋರುಸ್ತೀನಿ, ತಡಿ."

ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ದಡದಡ ಹೋದರು.

ಮಧ್ಯಾಹ್ನ ಸಾಹೇಬರು ಬಂಗಲೆಯಲ್ಲಿ ಊಟಕ್ಕೆ ಕೂತಾಗ ಗೌಡರೇ ಸಾರಿನ ಮಡಕೆ, ಬಿಸಿ ಮುದ್ದೆ ಹೊತ್ತು ಬಂದರು.

"ಬುದ್ಧೀ, ನಮ್ಮ ಕಡೆ ರುಚಿ ವಸಿ ನೋಡ್ಬೇಕು."

ಸಾಹೇಬರು ಒಂದು ತುತ್ತು ಅದ್ದಿದರು. ಕಣ್ಣು ಮೂಗಲ್ಲಿ ನೀರು ಸುರಿಯುತ್ತಿದ್ದರೂ ಎರಡನೇ ಮುದ್ದೆಗೆ ತಟ್ಟೆ ಒಡ್ಡಿದರು. ಮಡಕೆ ಬರಿದಾದ ಮೇಲೆ ಕೇಳಿದರು:

"ಇದು ಯಾವ ತಳಿ?"

"ತಾವು ಬ್ಯಾಡ ಅಂದ್ರಲ್ಲ ಬುದ್ಧಿ, ನಮ್ಮ ನಾಟಿ."

ಸಾಹೇಬರು ನ್ಯಾಯವಂತರು. ಪುಸ್ತಕ ತರಿಸಿ, ಬೆಳಗಿನ ತೀರ್ಪಿಗೆ ಗೀಟು ಎಳೆದು, 'ಪ್ರಥಮ ಬಹುಮಾನ' ಎಂದು ಬರೆದರು. ಕೆಂಪು ರಿಬ್ಬನ್ನು ಹಿಡಿದು ಎದ್ದು ನಿಂತರು.

"ಎಲ್ಲಿ ಗೌಡರೇ, ಆ ಹುಂಜ ತನ್ನಿ. ಕುತ್ತಿಗೆಗೆ ನಾನೇ ಕಟ್ತೀನಿ."

ಗೌಡರು ತಲೆ ಕೆರೆದುಕೊಂಡರು.

"ಈಗ ಎಲ್ಲಿಂದ ತರಾನ ಬುದ್ಧೀ? ತಾವು ಎರಡ್ನೇ ಸಲ ಬಡಿಸ್ಕಂಡಾಗ್ಲೇ ಮುಗುದೋಯ್ತಲ್ಲಾ!"

ಸಾಹೇಬರು ರಿಬ್ಬನ್ನು ನೋಡಿದರು, ಗೌಡರನ್ನು ನೋಡಿದರು. ಕೊನೆಗೆ ಬಗ್ಗಿ, ಬಹಳ ಗೌರವದಿಂದ, ಅದನ್ನು ಮಡಕೆಯ ಕುತ್ತಿಗೆಗೆ ಕಟ್ಟಿದರು.